ಸಿಹಿನೀರಿನ ಸುಸ್ಥಿರ ನಿರ್ವಹಣೆ: ಅಂತರಶಿಸ್ತೀಯ ಉನ್ನತ ವ್ಯಾಸಂಗ

ನದಿ, ಕೆರೆ, ಜೌಗುನೆಲ ಮತ್ತು ಅಂತರ್ಜಲಗಳಲ್ಲಿ ಎಷ್ಟು ನೀರಿದೆ, ಅದರ ಗುಣ ಹೇಗಿದೆ, ಯಾರ ಪಾಲಿಗೆ ಎಷ್ಟು ಸಲ್ಲುತ್ತದೆ, ಮುಂದಿನ ತಲೆಮಾರಿಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗಳನ್ನು ಒಟ್ಟಾಗಿ ಎತ್ತಿಕೊಳ್ಳುವ ಸ್ನಾತಕೋತ್ತರ ಮತ್ತು ಡಾಕ್ಟರೇಟ್ ಮಟ್ಟದ ಅಧ್ಯಯನ ಇದು. ಜಲವಿಜ್ಞಾನ, ಭೂವಿಜ್ಞಾನ, ಸಿವಿಲ್ ಎಂಜಿನಿಯರಿಂಗ್, ಜೀವಪರಿಸರ ವಿಜ್ಞಾನ, ಕೃಷಿಶಾಸ್ತ್ರ, ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯ ಹೀಗೆ ಇದರೊಳಗೆ ಬಂದು ಸೇರುವ ಶಿಸ್ತುಗಳ ಪಟ್ಟಿ ಉದ್ದವಾಗಿದೆ. ವಿಶ್ವವಿದ್ಯಾಲಯಗಳ ಕೈಪಿಡಿಗಳು ಈ ಪಟ್ಟಿಯನ್ನು ಹೆಮ್ಮೆಯಿಂದಲೇ ಅಚ್ಚು ಹಾಕಿಸುತ್ತವೆ. ಪಟ್ಟಿ ಬೆಳೆದಷ್ಟೂ ವ್ಯಾಸಂಗ ಸಮಗ್ರವಾಯಿತು ಎಂಬ ನಂಬಿಕೆ ಅದರ ಹಿಂದಿದೆ. ಈ ಕ್ಷೇತ್ರದ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಆ ನಂಬಿಕೆಗೆ ಆಧಾರ ಸಿಗುವುದಿಲ್ಲ. ಎಲ್ಲಿ ಒಂದು ಗೊತ್ತಾದ ಜಲಾನಯನ, ಅಲ್ಲಿನ ಒಂದು ಗೊತ್ತಾದ ಪ್ರಶ್ನೆ ಎದುರಿಗಿತ್ತೋ, ಎಲ್ಲಿ ಒಂದು ಶಿಸ್ತಿನ ಊಹೆಯನ್ನು ಇನ್ನೊಂದು ಶಿಸ್ತಿನ ಸಾಕ್ಷ್ಯದಿಂದ ಒರೆಗೆ ಹಚ್ಚಲಾಯಿತೋ ಅಲ್ಲಿ ಈ ವ್ಯಾಸಂಗ ಫಲ ಕೊಟ್ಟಿದೆ. ಪಠ್ಯಪತ್ರಿಕೆಗಳನ್ನು ಒಂದರ ಪಕ್ಕದಲ್ಲಿ ಒಂದು ಜೋಡಿಸಿದಷ್ಟಕ್ಕೆ ಕೊಟ್ಟಿಲ್ಲ.

ನೀರಿನ ಉನ್ನತ ಶಿಕ್ಷಣ ಎಂಜಿನಿಯರುಗಳ ಮನೆಯಲ್ಲಿ ಹುಟ್ಟಿದ್ದಕ್ಕೆ ಕಾರಣ ಸರಳ: ಮೊದಲು ಬೇಕಾದದ್ದು ಕಾಲುವೆ ಮತ್ತು ಒಡ್ಡು. ಭಾರತದ ಮೊದಲ ಎಂಜಿನಿಯರಿಂಗ್ ಕಾಲೇಜು 1847ರಲ್ಲಿ ರೂರ್ಕಿಯಲ್ಲಿ ಆರಂಭವಾದದ್ದು ಗಂಗಾ ಕಾಲುವೆಗೆ ಜನ ಬೇಕೆಂದು. ಕಾಲುವೆ 1854ರಲ್ಲಿ ಹರಿಯಿತು. ಮುಂದೆ ಅದೇ ಊರಿನಲ್ಲಿ 1955ರಲ್ಲಿ ಜಲಸಂಪನ್ಮೂಲ ಅಭಿವೃದ್ಧಿಯ ತರಬೇತಿ ಕೇಂದ್ರ, 1972ರಲ್ಲಿ ಜಲವಿಜ್ಞಾನ ವಿಭಾಗ, 1978ರಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಬಂದವು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದ ಸಂಸ್ಥೆಯ ಕಥೆಯೂ ಇಂಥದ್ದೇ. 1953ರ ಉತ್ತರ ಸಮುದ್ರದ ಪ್ರವಾಹ ಆ ಪುಟ್ಟ ದೇಶದಲ್ಲಿ 1,836 ಜನರನ್ನು ಬಲಿ ತೆಗೆದುಕೊಂಡಿತ್ತು. ಅದರಿಂದ ಚೇತರಿಸಿಕೊಂಡ ರೀತಿಯನ್ನು ಕಂಡ ಪೂರ್ವ ಪಾಕಿಸ್ತಾನದ ಸರ್ಕಾರ ತನ್ನ ಎಂಜಿನಿಯರುಗಳಿಗೂ ಆ ವಿದ್ಯೆ ಕಲಿಸಿರೆಂದು ಕೇಳಿತು. ಹಾಗೆ 1957ರಲ್ಲಿ ಶುರುವಾದ ತರಗತಿಗಳು ಇಂದು ಐಎಚ್ಇ ಡೆಲ್ಫ್ಟ್ ಎಂಬ, ನೀರಿಗೆಂದೇ ಮೀಸಲಾದ ಅಂತರರಾಷ್ಟ್ರೀಯ ಉನ್ನತ ಶಿಕ್ಷಣ ಸಂಸ್ಥೆಯಾಗಿ ಬೆಳೆದಿವೆ. ಈ ಹುಟ್ಟಿನ ಗುರುತು ಶಿಕ್ಷಣದ ಮೇಲೆ ಬಹುಕಾಲ ಉಳಿಯಿತು. ನೀರನ್ನು ತಡೆಯುವುದು, ತಿರುಗಿಸುವುದು, ಹರಿಸುವುದು ಪಾಠವಾಯಿತು. ಹರಿದ ಮೇಲೆ ಹೊಲದಲ್ಲಿ ಏನಾಗುತ್ತದೆ ಎಂಬುದು ಪಾಠದ ಆಚೆಗೆ ಉಳಿಯಿತು.

ಆ ಬೇಲಿಯನ್ನು ಉದ್ದೇಶಪೂರ್ವಕವಾಗಿ ದಾಟಿದ ಮೊದಲ ದೊಡ್ಡ ಪ್ರಯತ್ನವೆಂದರೆ 1955ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ಜಲ ಕಾರ್ಯಕ್ರಮ. ರಾಜ್ಯಶಾಸ್ತ್ರಜ್ಞ ಆರ್ಥರ್ ಮಾಸ್, ಅರ್ಥಶಾಸ್ತ್ರಜ್ಞ ರಾಬರ್ಟ್ ಡಾರ್ಫ್‌ಮನ್, ಎಂಜಿನಿಯರುಗಳಾದ ಹೆರಾಲ್ಡ್ ಥಾಮಸ್ ಮತ್ತು ಗಾರ್ಡನ್ ಫೇರ್ ಮೊದಲಾದವರು ಒಂದೇ ನದೀವ್ಯವಸ್ಥೆಯ ಲೆಕ್ಕವನ್ನು ಎಲ್ಲ ಕಡೆಯಿಂದಲೂ ಹಾಕಲು ಕುಳಿತರು. 1962ರಲ್ಲಿ ಹೊರಬಂದ ಅವರ ಸಾಮೂಹಿಕ ಗ್ರಂಥ ಜಲಸಂಪನ್ಮೂಲ ಯೋಜನೆಯ ಬೋಧನೆಗೆ ತಳಹದಿಯಾಯಿತು. ಅದರ ನಿಜವಾದ ಪರೀಕ್ಷೆ ನಡೆದದ್ದು ಪಾಕಿಸ್ತಾನದ ಪಂಜಾಬಿನಲ್ಲಿ. ಕಾಲುವೆ ಬಂದ ಕಡೆಯೆಲ್ಲ ಅಂತರ್ಜಲ ಮೇಲೇರಿ ಭೂಮಿ ಸವಳು-ಜವಳಾಗುತ್ತಿತ್ತು. 1961ರಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅಮೆರಿಕದ ಅಧ್ಯಕ್ಷ ಕೆನಡಿಯವರ ಬಳಿ ಈ ಮಾತು ಎತ್ತಿದ ಮೇಲೆ ಸಾಗರವಿಜ್ಞಾನಿ ರೋಜರ್ ರೆವೆಲ್ ನೇತೃತ್ವದಲ್ಲಿ ಬಂದ ತಂಡದಲ್ಲಿ ಥಾಮಸ್, ಡಾರ್ಫ್‌ಮನ್ ಇಬ್ಬರೂ ಇದ್ದರು. ಅಲ್ಲಲ್ಲಿ ಸಣ್ಣ ತುಂಡುಗಳಲ್ಲಿ ಬಸಿಗಾಲುವೆ, ಕೊಳವೆಬಾವಿ ಹಾಕಿದರೆ ಸುತ್ತಲಿನ ನೀರು ಒಳನುಗ್ಗಿ ಕೆಲಸವನ್ನೆಲ್ಲ ಕೆಡಿಸುತ್ತದೆ, ಒಮ್ಮೆಗೆ ಸುಮಾರು 10 ಲಕ್ಷ ಎಕರೆಯನ್ನಾದರೂ ಹಿಡಿಯಬೇಕು ಎಂದು ಅವರ ಗಣಿತ ತೋರಿಸಿತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನೂ ತಂಡ ಹೇಳಿತು: ರೈತನ ಬಡತನಕ್ಕೆ ಸವಳೊಂದೇ ಕಾರಣವಲ್ಲ, ಗೊಬ್ಬರ, ಬೀಜ, ಕೀಟನಿಯಂತ್ರಣ, ಆಡಳಿತ ಇವನ್ನೆಲ್ಲ ನೀರಿನ ಜೊತೆಗೇ ಸರಿಪಡಿಸಬೇಕು. ನೀರು ಬಸಿಯುವ ಸಮಸ್ಯೆಯೆಂದು ಕೈಗೆ ಕೊಟ್ಟದ್ದು ಬೇಸಾಯದ ಸಮಸ್ಯೆಯಾಗಿ ಹೊರಬಂತು. ಆದರೆ ಸರ್ಕಾರಿ ಕೊಳವೆಬಾವಿಗಳ ಸುತ್ತ ಇಷ್ಟೆಲ್ಲ ಲೆಕ್ಕ ನಡೆಯುತ್ತಿದ್ದಾಗಲೇ ರೈತರು ತಾವೇ ಬಾವಿ ಕೊರೆಸಿಕೊಂಡು ಸರ್ಕಾರವನ್ನು ಹಿಂದೆ ಹಾಕಿದರು. ಅರ್ಥಶಾಸ್ತ್ರ ಮತ್ತು ಎಂಜಿನಿಯರಿಂಗ್ ಕೈಜೋಡಿಸಿದ್ದರೂ ರೈತನ ನಿರ್ಧಾರವನ್ನು ಓದುವ ವಿದ್ಯೆಗೆ ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

ಶಿಸ್ತುಗಳ ನಡುವಿನ ಬಿರುಕು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಬಾಂಗ್ಲಾದೇಶದ ಆರ್ಸೆನಿಕ್ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ. ಕೆರೆಕುಂಟೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಗೆ ಬಲಿಯಾಗುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಿಂದ ಕೈಪಂಪಿನ ಕೊಳವೆಬಾವಿಗಳನ್ನು ಹಳ್ಳಿಹಳ್ಳಿಗೂ ಹಾಕಲಾಯಿತು. ಆರೋಗ್ಯದವರ ಕಣ್ಣಿನಲ್ಲಿ ಅದು ಸರಿಯಾದ ಕೆಲಸ, ಏಕೆಂದರೆ ರೋಗಾಣು ಕಡಿಮೆಯಾಯಿತು. ಎಂಜಿನಿಯರಿಗೂ ಸರಿ, ಏಕೆಂದರೆ ನೀರು ಸಿಕ್ಕಿತು, ಖರ್ಚೂ ಹಗುರ. ಆ ಎಳೆಯ ಮೆಕ್ಕಲು ಮಣ್ಣಿನಲ್ಲಿ ಆಮ್ಲಜನಕ ಇಲ್ಲದ ಸ್ಥಿತಿಯಲ್ಲಿ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ ಎಂಬುದು ಭೂರಸಾಯನಶಾಸ್ತ್ರದ ವಿಷಯ, ಅದನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. 1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷೆಯವರು ಅಲ್ಲಿನ ನೀರನ್ನು ಪರೀಕ್ಷಿಸಿದಾಗಲೂ ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಮರುವರ್ಷ ಬಾವಿಗಳಲ್ಲಿ ಅದು ಪತ್ತೆಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನ ಅಪಾಯದಲ್ಲಿರುವವರ ಸಂಖ್ಯೆಯನ್ನು 3.5 ಕೋಟಿಯಿಂದ 7.7 ಕೋಟಿ ಎಂದು ಅಂದಾಜು ಮಾಡಿ, ಇತಿಹಾಸದಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಎಂದು ಕರೆಯಿತು. ಸಮೀಕ್ಷೆಯವರ ಮೇಲೆ ಹೂಡಿದ ಮೊಕದ್ದಮೆಯನ್ನು 2006ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು; ಆ ನೀರನ್ನು ಕುಡಿಯುವವರ ಬಗ್ಗೆ ಅವರಿಗೆ ಕಾನೂನಿನ ಹೊಣೆ ಇರಲಿಲ್ಲವೆಂದಿತು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯೇ ಇರಬಹುದು. ಶಿಕ್ಷಣದ ದೃಷ್ಟಿಯಲ್ಲಿ ನೋಡಿದರೆ, ಪ್ರತಿಯೊಬ್ಬರೂ ತಮ್ಮ ಶಿಸ್ತಿನೊಳಗೆ ನಿಷ್ಠೆಯಿಂದಲೇ ಕೆಲಸ ಮಾಡಿದ್ದರು ಎಂಬುದೇ ಕಳವಳದ ಸಂಗತಿ.

ಕನ್ನಡ ನಾಡಿನಲ್ಲಿ ಈ ಬಗೆಯ ವ್ಯಾಸಂಗ ಏನು ಮಾಡಬಲ್ಲದು ಎಂಬುದನ್ನು ತೋರಿಸುವ ಎರಡು ಅಧ್ಯಯನಗಳಿವೆ. ಮೊದಲನೆಯದು ಪೀಟರ್ ಮೊಲ್ಲಿಂಗ ಎಂಬ ಡಚ್ ವಿದ್ವಾಂಸ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಬರೆದು 1998ರಲ್ಲಿ ವಾಗನಿಂಗನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧ. ಬರಗಾಲದಿಂದ ಆದಷ್ಟು ಹೆಚ್ಚು ಜನರನ್ನು ಕಾಪಾಡಬೇಕೆಂದು ನೀರನ್ನು ತೆಳುವಾಗಿ ಹರಡುವ ಯೋಜನೆ ಅದು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದ ಮೇಲೆ ಗೊತ್ತುಪಡಿಸಲಾಗಿತ್ತು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ, ಸ್ವಲ್ಪ ಭಾಗ ಮಾತ್ರ ಭತ್ತಕ್ಕೆ. ನಡೆದದ್ದು ಬೇರೆ. ಗಂಗಾವತಿ, ಸಿಂಧನೂರು ಕಡೆ ಕಾಲುವೆಯ ಮೇಲ್ಭಾಗದವರು, ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರೂ ಸೇರಿ, ಭತ್ತ ನಾಟಿ ಮಾಡಿದರು. ಕೊನೆಯ ಭಾಗಕ್ಕೆ ನೀರು ಮುಟ್ಟದಾಯಿತು. ಎಂಜಿನಿಯರ್ ಇದನ್ನು ‘ಬೆಳೆ ಉಲ್ಲಂಘನೆ’ ಎಂದು ಬರೆದುಕೊಳ್ಳುತ್ತಾನೆ. ಸಮಾಜಶಾಸ್ತ್ರಿ ಮೇಲ್ಭಾಗದವರ ಪ್ರಾಬಲ್ಯ ಎಂದು ವಿವರಿಸುತ್ತಾನೆ. ಮೊಲ್ಲಿಂಗ ಮಾಡಿದ್ದು ಎರಡನ್ನೂ ತೂಬಿನ ಬಳಿಗೆ ತಂದದ್ದು. ತೂಬಿನ ಗಾತ್ರ, ಗೇಟಿನ ಸ್ಥಿತಿ, ಸರದಿಯ ಕ್ರಮ ಇವೆಲ್ಲ ರೈತರು, ಇಲಾಖೆಯವರು, ಸ್ಥಳೀಯ ರಾಜಕಾರಣಿಗಳ ನಡುವೆ ನಿತ್ಯ ನಡೆಯುವ ಚೌಕಾಸಿಯ ಫಲವೆಂದೂ, ಒಮ್ಮೆ ಕಲ್ಲು-ಸಿಮೆಂಟಿನಲ್ಲಿ ನಿಂತ ಮೇಲೆ ಅದೇ ರಚನೆ ಮುಂದಿನ ಚೌಕಾಸಿಗೆ ಎಲ್ಲೆ ಹಾಕುತ್ತದೆಂದೂ ಅವರು ತೋರಿಸಿದರು. ತೂಬಿನ ಜಲಶಾಸ್ತ್ರ ತಿಳಿಯದೆ ಅಲ್ಲಿನ ರಾಜಕೀಯ ತಿಳಿಯುವುದಿಲ್ಲ. ರಾಜಕೀಯ ತಿಳಿಯದ ಕೈಯಲ್ಲಿ ಆ ತೂಬಿನ ವಿನ್ಯಾಸ ಮೊದಲ ಹಂಗಾಮಿಗೇ ಮುರಿದುಬೀಳುತ್ತದೆ.

ಎರಡನೆಯದು ಅರ್ಕಾವತಿ. ಬೆಂಗಳೂರಿಗೆ ನೀರು ಕೊಡಲೆಂದು 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹರಿದುಬರುವ ನೀರು ದಶಕಗಳಿಂದ ಕುಗ್ಗುತ್ತ ಬಂತು. ಏಕೆ ಎಂಬುದಕ್ಕೆ ಪ್ರತಿಯೊಂದು ಕಚೇರಿಯಲ್ಲೂ ಒಂದೊಂದು ಉತ್ತರ ಸಿದ್ಧವಿತ್ತು: ಮಳೆ ಕಡಿಮೆಯಾಗಿದೆ, ಬಿಸಿಲು ಹೆಚ್ಚಾಗಿದೆ, ರಾಜಕಾಲುವೆ ಒತ್ತುವರಿಯಾಗಿದೆ, ಮೇಲಿನ ಹಳ್ಳಿಗಳವರು ಚೆಕ್‌ಡ್ಯಾಂ ಕಟ್ಟಿದ್ದಾರೆ. 2003ರಲ್ಲಿ ಸರ್ಕಾರ ಜಲಾನಯನದಲ್ಲಿ ಕಟ್ಟಡ ನಿರ್ಮಾಣಕ್ಕೆ ನಿರ್ಬಂಧ ಹೇರಿ ಅಧಿಸೂಚನೆಯನ್ನೂ ಹೊರಡಿಸಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರತ್‌ಚಂದ್ರ ಲೇಲೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಉತ್ತರವನ್ನು ಆರಿಸಿಕೊಂಡು ಅದಕ್ಕೆ ಪುರಾವೆ ಹುಡುಕುವ ದಾರಿ ಹಿಡಿಯಲಿಲ್ಲ. ಎಲ್ಲ ಊಹೆಗಳನ್ನೂ ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಪರೀಕ್ಷೆಗೆ ಒಡ್ಡಿತು. ಮಳೆ ಮತ್ತು ಉಷ್ಣತೆಯ ದಾಖಲೆಗಳು ಇಷ್ಟು ದೊಡ್ಡ ಇಳಿಕೆಯನ್ನು ವಿವರಿಸಲಿಲ್ಲ. ಅಂತರ್ಜಲದ ಎಳೆತ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಹೆಚ್ಚು ಸಂಭವನೀಯ ಕಾರಣಗಳಾಗಿ ಉಳಿದವು. ಹಳ್ಳಗಳಿಗೆ ಅಡ್ಡಲಾಗಿ ಎದ್ದ ಒಡ್ಡುಗಳ ಪಾಲು ಅದಕ್ಕಿಂತ ಕಡಿಮೆ. ಬೋರ್‌ವೆಲ್ ಕೊರೆದು ಅಂತರ್ಜಲ ಮಟ್ಟ ಕುಸಿದಾಗ ಹಳ್ಳಕ್ಕೆ ತಳದಿಂದ ಜಿನುಗುತ್ತಿದ್ದ ನೀರು ನಿಲ್ಲುತ್ತದೆ; ನೀಲಗಿರಿಯ ಆಳದ ಬೇರು ಮಣ್ಣಿನ ತೇವವನ್ನು ಹೀರುತ್ತದೆ. ರೈತ ನೀಲಗಿರಿ ಹಾಕಿದ್ದೇಕೆ ಎಂದು ಕೇಳಿದರೆ ಉತ್ತರ ಕೂಲಿಯ ದರಕ್ಕೂ, ನಗರದಲ್ಲಿ ಕೆಲಸಕ್ಕೆ ಹೋಗುವ ಮನೆಮಂದಿಗೂ, ನೋಡಿಕೊಳ್ಳಲು ಜನವಿಲ್ಲದ ಹೊಲಕ್ಕೂ ಒಯ್ಯುತ್ತದೆ. ಜಲಮಾಪಕದಿಂದ ಹೊರಟ ಪ್ರಶ್ನೆ ಹೀಗೆ ಹಳ್ಳಿಯ ಅರ್ಥವ್ಯವಸ್ಥೆಗೆ ಬಂದು ತಲುಪುವುದು ಈ ವ್ಯಾಸಂಗದ ಸಹಜ ಸ್ವರೂಪ. ಪ್ರತಿ ಕಾರಣದ ಪಾಲು ಇಷ್ಟಿಷ್ಟೇ ಎಂದು ಹೇಳಲು ಲಭ್ಯ ಮಾಹಿತಿ ಸಾಲದು ಎಂಬುದನ್ನು ಲೇಖಕರು ಮುಚ್ಚಿಡಲಿಲ್ಲ, ಅದೂ ತರಬೇತಿಯ ಭಾಗವೇ.

ಈ ಅನುಭವಗಳ ಬೆಳಕಿನಲ್ಲಿ ಬೋಧನೆಯ ಬೇರೆ ಬೇರೆ ಮಾದರಿಗಳನ್ನು ತೂಗಬಹುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕೇಂದ್ರದಲ್ಲಿ ಜಲಸಂಪನ್ಮೂಲ ನಿರ್ವಹಣೆಯ ಸ್ನಾತಕೋತ್ತರ ವಿದ್ಯಾರ್ಥಿಗಳು ಒಬ್ಬೊಬ್ಬರೇ ಪ್ರಬಂಧ ಬರೆಯುವ ಬದಲು ತಂಡವಾಗಿ ಒಂದು ಊರಿನ ಅಥವಾ ಕೆರೆಯ ನಿಜವಾದ ಸಮಸ್ಯೆಯನ್ನು ಎತ್ತಿಕೊಂಡು ಒಂದೇ ವರದಿ ಬರೆಯುತ್ತಾರೆ. ಮೆಂಡೋಟಾ ಸರೋವರದ ಅಧ್ಯಯನದಿಂದ ಅಮೆರಿಕದ ಸರೋವರವಿಜ್ಞಾನಕ್ಕೆ ತವರಾದ ಊರು ಅದು. ಅದೇ ರಾಜ್ಯದ ಮಿಲ್ವಾಕಿಯಲ್ಲಿ 2009ರಲ್ಲಿ ಸಿಹಿನೀರಿನ ವಿಜ್ಞಾನಗಳಿಗಾಗಿಯೇ ಒಂದು ಪ್ರತ್ಯೇಕ ಶಾಲೆ ತೆರೆಯಿತು. ಡೆಲ್ಫ್ಟ್‌ನವರು ಒಂದು ಶಿಸ್ತಿನಲ್ಲಿ ಆಳ, ಉಳಿದವುಗಳಲ್ಲಿ ಅಗಲ ಎಂಬ ಸೂತ್ರವನ್ನು ಬೋಧನೆಯ ಗುರಿಯಾಗಿ ಬರೆದಿಟ್ಟರು. ದಕ್ಷಿಣ ಏಷ್ಯಾದಲ್ಲಿ, ಹೈದರಾಬಾದಿನ ಸಾಕಿವಾಟರ್ಸ್ ಸಂಸ್ಥೆ 2000ರ ದಶಕದಲ್ಲಿ ಡಚ್ ನೆರವಿನಿಂದ ಢಾಕಾ, ಪೇರಾದೆಣಿಯ, ನೇಪಾಳ ಮತ್ತು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಜಲವಿಭಾಗಗಳನ್ನು ಒಗ್ಗೂಡಿಸಿ ಪಠ್ಯಕ್ರಮವನ್ನೇ ಬದಲಿಸಲು ಹೊರಟಿತು. ತುಂಗಭದ್ರೆಯ ಅಧ್ಯಯನ ಮಾಡಿದ ಮೊಲ್ಲಿಂಗ ಅದರ ರೂವಾರಿಗಳಲ್ಲಿ ಒಬ್ಬರು. ಎಂಜಿನಿಯರಿಂಗ್ ವಿಭಾಗಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬೆರಳೆಣಿಕೆಯಷ್ಟಿದ್ದಾಗ ಲಿಂಗಸಂಬಂಧ ಮತ್ತು ನೀರು ಎಂಬ ವಿಷಯವನ್ನು ತರಗತಿಗೆ ತಂದದ್ದು ಅದರ ಗಟ್ಟಿ ಕೆಲಸ. ಮುಂಬೈನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಜಲನೀತಿ ಮತ್ತು ಆಡಳಿತದ ಪದವಿಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಫ್ರೆಂಚ್ ಸಂಶೋಧಕರ ಜೊತೆಗೂಡಿ ಕಬಿನಿ ಪ್ರದೇಶದಲ್ಲಿ, ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆ ಮತ್ತು ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಜಲಾನಯನಗಳನ್ನು, ಒಂದು ಕಾಡು ಒಂದು ಬೇಸಾಯ ಎಂದು ಜೋಡಿಯಾಗಿ ಇಟ್ಟುಕೊಂಡು ವರ್ಷಗಳಿಂದ ಅಳೆಯುತ್ತಿದೆ. ಬೇರಂಬಾಡಿಯಲ್ಲಿ ಅದೇ ಅಂತರ್ಜಲವನ್ನು ಮತ್ತೆ ಮತ್ತೆ ಎತ್ತಿ ಹೊಲಕ್ಕೆ ಹಾಯಿಸುವುದರಿಂದ ನೈಟ್ರೇಟ್ ಕೂಡಿಕೊಳ್ಳುತ್ತ ಹೋಗುವುದು ಕಂಡುಬಂದದ್ದು ಈ ತಾಳ್ಮೆಯಿಂದಲೇ. ಇವುಗಳಲ್ಲಿ ಯಾವುದು ಉತ್ತಮ ಎಂಬುದಕ್ಕಿಂತ, ವಿದ್ಯಾರ್ಥಿ ವರ್ಷಗಟ್ಟಲೆ ಮರಳಿ ಮರಳಿ ಹೋಗಬಹುದಾದ ಒಂದು ಜಲಾನಯನ ಸಂಸ್ಥೆಯ ಕೈಯಲ್ಲಿ ಇದೆಯೇ ಎಂಬುದು ಹೆಚ್ಚು ಉಪಯುಕ್ತವಾದ ಅಳತೆ.

ಈ ವ್ಯಾಸಂಗದ ಮೇಲಿನ ಹಳೆಯ ಆಕ್ಷೇಪ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವನು ಯಾವುದರಲ್ಲೂ ಪಳಗುವುದಿಲ್ಲ ಎಂಬುದು. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಗಾಗಿ ಪೀಟರ್ ಈಗಲ್ಸನ್ ನೇತೃತ್ವದ ಸಮಿತಿ 1991ರಲ್ಲಿ ಕೊಟ್ಟ ವರದಿ ಹೇಳಿದ್ದೂ ಇದೇ ಧಾಟಿಯ ಮಾತು: ಜಲವಿಜ್ಞಾನ ಎಂಜಿನಿಯರಿಂಗಿನ ಉಪಕರಣವಾಗಿಯೇ ಉಳಿದರೆ ಬೆಳೆಯದು, ಅದು ತನ್ನದೇ ಪ್ರಶ್ನೆಗಳುಳ್ಳ ಸ್ವತಂತ್ರ ಭೂವಿಜ್ಞಾನವಾಗಬೇಕು. ಆದರೆ ಆ ಸ್ವತಂತ್ರ ಜಲವಿಜ್ಞಾನವೇ ಎರಡು ದಶಕಗಳ ಬಳಿಕ ಎಲ್ಲಿಗೆ ಬಂತೆಂದು ನೋಡಬೇಕು. 2012ರಲ್ಲಿ ಮುರುಗೇಸು ಶಿವಪಾಲನ್ ಮತ್ತು ಇಬ್ಬರು ಸಹೋದ್ಯೋಗಿಗಳು ಮನುಷ್ಯನ ನಡೆಯನ್ನು ಜಲಚಕ್ರದ ಒಳಗಿನ ಭಾಗವಾಗಿಯೇ ಓದುವ ಸಮಾಜ-ಜಲವಿಜ್ಞಾನವನ್ನು ಪ್ರತಿಪಾದಿಸಿದರು. ಜಲವಿಜ್ಞಾನವನ್ನು ಆಳವಾಗಿ ಬಲ್ಲವರೇ ಅದರ ಗಡಿಯಲ್ಲಿ ನಿಂತು ಆಚೆ ನೋಡಿದರು. ಹನಿ ನೀರಾವರಿಯ ವಿಷಯದಲ್ಲೂ ಇದೇ ಪಾಠ. ಹೊಲದ ಮಟ್ಟದಲ್ಲಿ ಅದು ನೀರು ಉಳಿಸುತ್ತದೆ ಎಂಬ ಲೆಕ್ಕ ತಪ್ಪಲ್ಲ. ಜಲಾನಯನದ ಮಟ್ಟದಲ್ಲಿ ಆ ಉಳಿತಾಯ ಇನ್ನಷ್ಟು ಎಕರೆಗೆ, ಹೆಚ್ಚು ನೀರು ಬೇಡುವ ಬೆಳೆಗೆ ಹೋಗಬಹುದು. ಅಮೆರಿಕದ ಕ್ಯಾನ್ಸಸ್‌ನಲ್ಲಿ ದಕ್ಷ ತುಂತುರು ನೀರಾವರಿ ಬಂದ ಮೇಲೆ ಅಂತರ್ಜಲದ ಬಳಕೆ ಹೆಚ್ಚಿತೆಂದು 2014ರ ಅಧ್ಯಯನವೊಂದು ತೋರಿಸಿತು. ಇದು ಒಂದು ಊರಿನ ವಿಚಿತ್ರವಲ್ಲ ಎಂದು 2018ರಲ್ಲಿ ಗ್ರಾಫ್ಟನ್ ಮತ್ತು ಇತರರು ವಾದಿಸಿದರು. ಇದನ್ನು ಕಾಣಲು ಕೃಷಿ ಎಂಜಿನಿಯರಿಂಗ್, ಅರ್ಥಶಾಸ್ತ್ರ ಎರಡೂ ಗಟ್ಟಿಯಾಗಿ ಬೇಕು. ಆಳ ಕಡಿಮೆಯಾಗಬಹುದೆಂಬ ಭಯ ಹತ್ತು ಪತ್ರಿಕೆಗಳ ಪರಿಚಯಾತ್ಮಕ ಪದವಿಗೆ ಸಲ್ಲುತ್ತದೆ, ಒಂದು ಶಿಸ್ತಿನಲ್ಲಿ ಬೇರೂರಿ ಇನ್ನೊಂದರ ಸಾಕ್ಷ್ಯವನ್ನು ಪರೀಕ್ಷಿಸಲು ಕಲಿಸುವ ವ್ಯಾಸಂಗಕ್ಕೆ ಸಲ್ಲದು.

ಹಾಗಿದ್ದರೆ ಒಬ್ಬೊಬ್ಬ ತಜ್ಞನನ್ನು ಅವನವನ ವಿಭಾಗದಲ್ಲೇ ತಯಾರು ಮಾಡಿ, ಬೇಕಾದಾಗ ತಂಡ ಕಟ್ಟಿದರಾಗದೆ ಎಂಬುದು ಎರಡನೆಯ ಆಕ್ಷೇಪ. ತಂಡಗಳು ಬೇಕೇ ಬೇಕು. ಆದರೆ ತಂಡದಲ್ಲಿ ಕುಳಿತ ಭೂವಿಜ್ಞಾನಿಗೆ ಸಮೀಕ್ಷೆಯ ಮಾದರಿ ಹೇಗೆ ಆರಿಸಿದರೆಂದು ಕೇಳಲು ಬಾರದೆ, ಸಮಾಜಶಾಸ್ತ್ರಿಗೆ ಅಂತರ್ಜಲ ನಕ್ಷೆ ಎಷ್ಟು ಬಾವಿಗಳಿಂದ ಬರೆದದ್ದೆಂದು ಕೇಳಲು ಬಾರದೆ ಹೋದರೆ, ವರದಿ ಅಧ್ಯಾಯಗಳಾಗಿ ಹಂಚಿಹೋಗಿ ಬೈಂಡಿಂಗಿನಲ್ಲಿ ಮಾತ್ರ ಒಂದಾಗುತ್ತದೆ. ಮೂರನೆಯ ಆಕ್ಷೇಪ ಹೆಚ್ಚು ಹರಿತ: ನೀರಿನ ಜಗಳ ಅಧಿಕಾರದ್ದು, ಅರಿವಿನದಲ್ಲ, ಪದವಿಗಳು ಹೆಚ್ಚಿದರೆ ಕಾವೇರಿ ವಿವಾದ ತೀರುತ್ತದೆಯೇ? ತೀರುವುದಿಲ್ಲ. ಆದರೂ ಆ ವಿವಾದದಲ್ಲೇ ಅರಿವಿನ ಕೊರತೆ ಎಲ್ಲಿ ಕಚ್ಚುತ್ತದೆಂಬುದು ಕಾಣುತ್ತದೆ. 2007ರ ನ್ಯಾಯಮಂಡಳಿಯ ಐತೀರ್ಪು ಕರ್ನಾಟಕಕ್ಕೆ ಕೊಟ್ಟದ್ದು 270 ಟಿಎಂಸಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದಕ್ಕೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 10 ಟಿಎಂಸಿಗೆ ಆಧಾರ ತಮಿಳುನಾಡಿನ ಕಾವೇರಿ ಕೊಳ್ಳದಲ್ಲಿ ಲಭ್ಯವಿರುವ ಅಂತರ್ಜಲ, ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನದಿಯ ನೀರನ್ನೂ ನೆಲದಡಿಯ ನೀರನ್ನೂ ಒಂದೇ ಲೆಕ್ಕಕ್ಕೆ ತರುವ ಕೆಲಸ ಕೊನೆಗೆ ನ್ಯಾಯಾಧೀಶರ ಮೇಜಿಗೆ ಬಂತು. ಅತ್ತ ನೆಲದೊಡೆಯನಿಗೆ ತನ್ನ ನೆಲದಡಿಯ ನೀರಿನ ಮೇಲೆ ಹಕ್ಕು ಕೊಡುವ 1882ರ ಅನುಭೋಗದ ಹಕ್ಕುಗಳ ಕಾಯ್ದೆ ನದಿಗೂ ಅಂತರ್ಜಲಕ್ಕೂ ಸಂಬಂಧವೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಅಧಿಕಾರದ ಜಗಳವೂ ಯಾವುದೋ ಲೆಕ್ಕದ ಮೇಲೆ ನಿಂತು ನಡೆಯುತ್ತದೆ. ಆ ಲೆಕ್ಕ ಸರಿಯೇ ಎಂದು ನೋಡಬಲ್ಲವರು ಎರಡೂ ಕಡೆ ಇದ್ದರೆ ಜಗಳದ ವಿಷಯವಾದರೂ ಸ್ಪಷ್ಟವಾಗುತ್ತದೆ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ವಾದವಿವಾದವೂ ಇದೇ ಬಗೆಯದು. ಬತ್ತಿದ ಬಾವಿಯಲ್ಲಿ ನೀರು ಬಂದದ್ದನ್ನು ಕಂಡ ರೈತನೂ, ಸಂಸ್ಕರಣೆಯ ಮಟ್ಟ ಸಾಲದೆಂದು ಆತಂಕಪಡುವವನೂ ಬೇರೆ ಬೇರೆ ಸತ್ಯಗಳನ್ನು ಹಿಡಿದು ಮಾತಾಡುತ್ತಿರುತ್ತಾರೆ.

ವ್ಯಾಸಂಗದ ಬೆಲೆಯನ್ನು ತೆರುವವನು ವಿದ್ಯಾರ್ಥಿ ಎಂಬುದನ್ನು ಇದರ ಪ್ರತಿಪಾದಕರು ಸಾಕಷ್ಟು ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ 18,000ಕ್ಕೂ ಹೆಚ್ಚು ಸಂಶೋಧನಾ ಅರ್ಜಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಬ್ರೋಮ್‌ಹ್ಯಾಮ್ ಮತ್ತು ಸಂಗಡಿಗರ ಅಧ್ಯಯನ, ಅರ್ಜಿ ಹೆಚ್ಚು ಅಂತರಶಿಸ್ತೀಯವಾದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ ಎಂದು ತೋರಿಸಿತು. ಭಾರತದಲ್ಲಿ ತೊಡಕು ಅದಕ್ಕಿಂತ ಮುಂದಕ್ಕೆ, ನೇಮಕಾತಿಯ ನಿಯಮಕ್ಕೇ ಹೋಗುತ್ತದೆ. ನೀರಾವರಿ ಇಲಾಖೆಗೆ ಸಿವಿಲ್ ಎಂಜಿನಿಯರ್ ಬೇಕು, ಅಂತರ್ಜಲ ಇಲಾಖೆಗೆ ಭೂವಿಜ್ಞಾನಿ ಬೇಕು; ಎರಡನ್ನೂ ಕೂಡಿಸಿ ಓದಿದವರು ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳಿಗೋ ಸಂಶೋಧನಾ ಕೇಂದ್ರಗಳಿಗೋ ಹೋಗುತ್ತಾರೆ. ಮಿಹಿರ್ ಶಾ ಅಧ್ಯಕ್ಷತೆಯ ಸಮಿತಿ 2016ರಲ್ಲಿ ಕೇಂದ್ರ ಜಲ ಆಯೋಗವನ್ನೂ ಕೇಂದ್ರ ಅಂತರ್ಜಲ ಮಂಡಳಿಯನ್ನೂ ಒಂದು ರಾಷ್ಟ್ರೀಯ ಜಲ ಆಯೋಗದೊಳಗೆ ತರಬೇಕೆಂದು, ಅದರಲ್ಲಿ ಸಮಾಜವಿಜ್ಞಾನ, ಕೃಷಿಶಾಸ್ತ್ರ, ಪರಿಸರ ಅರ್ಥಶಾಸ್ತ್ರ ಬಲ್ಲವರಿಗೂ ಸ್ಥಾನವಿರಬೇಕೆಂದು ಶಿಫಾರಸು ಮಾಡಿತು. ಜಲ ಆಯೋಗದ ಎಂಜಿನಿಯರುಗಳ ನಡುವೆ ಅದಕ್ಕೆ ವಿರೋಧ ಎದ್ದಿತು. ಆಯೋಗವೂ ಮಂಡಳಿಯೂ ಈಗಲೂ ಬೇರೆ ಬೇರೆಯಾಗಿಯೇ ಇವೆ. ಮೇಲ್ಮೈ ನೀರನ್ನು ಒಂದು ಅಳೆಯುತ್ತದೆ, ಅಂತರ್ಜಲವನ್ನು ಇನ್ನೊಂದು.